ಆಫ್ರಿಕನ್ ಸಿಕ್ಲಿಡ್‌ಗಳ ಕಾದಾಟ: ಗಾಯಗೊಂಡ ಮೀನನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ಅಡಿ ಉದ್ದದ, ಸುಮಾರು 150 ಲೀಟರ್ ನೀರು ಹಿಡಿಯುವ ಟ್ಯಾಂಕ್ ಇದೆ. ಎಂಟು ತಿಂಗಳ ಹಿಂದೆ ‘ಮಿಕ್ಸ್ ಆಫ್ರಿಕನ್’ ಎಂದು ಅಂಗಡಿಯಲ್ಲಿ ಕೊಟ್ಟ ಒಂಬತ್ತು ಸಿಕ್ಲಿಡ್ ಮೀನಿನ ಮರಿಗಳನ್ನು ತಂದು ಬಿಟ್ಟಿದ್ದೆ. ಬೆಳೆದ ಮೇಲೆ ನೋಡಿದರೆ ಮೂರು ಯೆಲ್ಲೋ ಲ್ಯಾಬ್, ಎರಡು ರೆಡ್ ಜೀಬ್ರಾ, ಎರಡು ಕೆನ್ಯಿ, ಉಳಿದೆರಡು ಹಳದಿ ಮೈಗೆ ಕಪ್ಪು ಪಟ್ಟೆಯವು. ಈ ಪಟ್ಟೆ ಮೀನುಗಳಲ್ಲಿ ಒಂದು ಕ್ರಮೇಣ ಕಪ್ಪಾಗಿ, ಈಗ ಟ್ಯಾಂಕಿನ ಅರ್ಧಭಾಗ ತನ್ನದೇ ಎಂಬಂತೆ ಹತ್ತಿರ ಬಂದವರನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತಿದೆ.

ಹತ್ತು ದಿನಗಳ ಹಿಂದೆ ಒಂದು ರೆಡ್ ಜೀಬ್ರಾದ ಬಾಲ ಹರಿದಿತ್ತು. ಈಗ ಅದರ ಪಕ್ಕೆಯ ಹುರುಪೆಗಳು ಉದುರಿವೆ, ಬಲಗಣ್ಣು ಊದಿದೆ, ನಿನ್ನೆಯಿಂದ ಗಾಯದ ಮೇಲೆ ಹತ್ತಿಯಂತಹ ಬಿಳಿ ಪದರ ಕಾಣುತ್ತಿದೆ. ಅಂಗಡಿಯವರ ಮಾತಿನಂತೆ ಮೆಥಿಲೀನ್ ಬ್ಲೂ ಔಷಧವನ್ನು ಟ್ಯಾಂಕಿಗೇ ಹಾಕಿದೆ, ಆಮೇಲೆ ಉಳಿದ ಮೀನುಗಳೂ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿವೆ. ಕಲ್ಲುಗಳನ್ನು ತೆಗೆದುಬಿಟ್ಟರೆ ಜಗಳಕ್ಕೆ ಜಾಗವೇ ಇರುವುದಿಲ್ಲವಲ್ಲ ಎಂದೂ ಯೋಚಿಸುತ್ತಿದ್ದೇನೆ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1 (ರಾಯಚೂರು)

ಮೊದಲು ಆ ನೀಲಿ ಔಷಧದ ವಿಷಯ. ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯಾವನ್ನು ನಿರಪಾಯ ಮಾಡುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಸಿರುತ್ತವೆ. ಮೆಥಿಲೀನ್ ಬ್ಲೂ ಅವುಗಳಿಗೂ ಹಾನಿ ಮಾಡುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರಿನಂತಹ ಗಡಸು, ಕ್ಷಾರೀಯ ನೀರು ಆಫ್ರಿಕಾದ ಮಲಾವಿ ಸರೋವರದ ಈ ಮೀನುಗಳಿಗೆ ಹೇಳಿ ಮಾಡಿಸಿದಂತಿದ್ದರೂ, ಅದೇ ಕ್ಷಾರೀಯತೆಯಿಂದಾಗಿ ಅಮೋನಿಯಾದ ವಿಷ ಇನ್ನಷ್ಟು ತೀಕ್ಷ್ಣವಾಗುತ್ತದೆ. ಆದ್ದರಿಂದ ಈ ಹೊತ್ತೇ ಮೂರನೇ ಒಂದು ಭಾಗ ನೀರು ಬದಲಿಸಿ, ಫಿಲ್ಟರಿನಲ್ಲಿ ಸಕ್ರಿಯ ಇದ್ದಿಲು ಇಡಿ, ಏರ್ ಪಂಪ್ ನಿಲ್ಲಿಸಬೇಡಿ. ನಳದ ನೀರಾದರೆ ಕ್ಲೋರಿನ್ ತೆಗೆಯುವ ದ್ರವ ಬೆರೆಸದೆ ಹಾಕಬೇಡಿ.

ಗಾಯಾಳುವನ್ನು 20 ಲೀಟರಿನ ಬೇರೆ ಟಬ್ಬಿಗೆ, ಅದೇ ಟ್ಯಾಂಕಿನ ನೀರಿನೊಂದಿಗೆ ವರ್ಗಾಯಿಸಿ. ಲೀಟರಿಗೆ ಒಂದೆರಡು ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಅರ್ಧ ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ಸೇರಿಸಿ. ಟಬ್ಬಿನಲ್ಲಿ ಬ್ಯಾಕ್ಟೀರಿಯಾ ನೆಲೆಸಿದ ಹಳೆಯ ಫಿಲ್ಟರ್ ಇಲ್ಲದ ಕಾರಣ ದಿನವೂ ಅರ್ಧದಷ್ಟು ನೀರು ಬದಲಿಸಬೇಕು. ತೆಗೆದ ನೀರಿಗೆ ತಕ್ಕಷ್ಟೇ ಉಪ್ಪು ಮತ್ತೆ ಹಾಕಬೇಕು. ಒಂದೇ ಕಣ್ಣು ಊದಿದ್ದರೆ ಹೊಡೆತದ್ದಾಗಿರುವ ಸಾಧ್ಯತೆ ಹೆಚ್ಚು, ಎರಡೂ ಊದಿದ್ದರೆ ನೀರಿನ ಮೇಲೆ ಅಥವಾ ಒಳಗಿನ ಸೋಂಕಿನ ಮೇಲೆ ಅನುಮಾನ ಪಡಬೇಕು.

ಹತ್ತಿಯಂತಹುದೆಲ್ಲ ಶಿಲೀಂಧ್ರವಲ್ಲ ಎಂಬುದನ್ನು ಮರೆಯಬೇಡಿ. ಎಳೆಎಳೆಯಾಗಿ ನೀರಿನಲ್ಲಿ ತೂಗಾಡಿದರೆ ಶಿಲೀಂಧ್ರ; ಚಪ್ಪಟೆಯಾಗಿ, ಬೂದು ಬಣ್ಣದಲ್ಲಿ, ಬಾಯಿಯ ಸುತ್ತ ಅಥವಾ ಬೆನ್ನ ಮೇಲೆ ಒಂದೆರಡು ದಿನದಲ್ಲೇ ಹರಡಿದರೆ ಅದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗವಾಗಿರಬಹುದು. ಅದು ಬಿಸಿ ನೀರಿನಲ್ಲಿ ಬೇಗ ಉಲ್ಬಣಿಸುವುದರಿಂದ ಹೀಟರ್ ಹಾಕುವ ಯೋಚನೆ ಬೇಡ.

ಉತ್ತರ 2 (ಕೊಪ್ಪಳ)

ನಿಮ್ಮ ಪಟ್ಟೆ ಮೀನು ಔರಾಟಸ್. ಹೆಣ್ಣು ಮತ್ತು ಮರಿಗಳು ಹಳದಿಯಾಗಿದ್ದು, ಅಧಿಕಾರಕ್ಕೆ ಬಂದ ಗಂಡು ಮಾತ್ರ ಕಪ್ಪಾಗುತ್ತದೆ. ಕೆನ್ಯಿಯಲ್ಲಿ ಇದು ತಿರುವುಮುರುವು: ಹೆಣ್ಣು ನೀಲಿ, ಗಂಡು ಹಳದಿ. ಈ ಎರಡೂ ಜಾತಿಗಳು ಎಂಬುನಾ ಎಂದು ಕರೆಯುವ ಬಂಡೆವಾಸಿ ಮೀನುಗಳಲ್ಲೇ ಮಹಾ ಜಗಳಗಂಟಿಗಳು. ಅಂಗಡಿಯ ಮರಿ ತೊಟ್ಟಿಯಲ್ಲಿ ಅವು ಎಷ್ಟು ಮುದ್ದಾಗಿ ಕಾಣುತ್ತವೆಂದರೆ ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಮೂರು ಅಡಿಯಲ್ಲಿ ಅವಕ್ಕೆ ಜಾಗವಿಲ್ಲ. ನಾಲ್ಕೂ ಮೀನುಗಳನ್ನು ದೊಡ್ಡ ಟ್ಯಾಂಕ್ ಇರುವವರಿಗೆ ಕೊಟ್ಟುಬಿಡಿ. ಕೆರೆಗೆ, ಕಾಲುವೆಗೆ ಮಾತ್ರ ಎಂದಿಗೂ ಬಿಡಬೇಡಿ.

ಕಲ್ಲುಗಳನ್ನು ತೆಗೆಯಬೇಡಿ, ಹೆಚ್ಚಿಸಿ. ಬಯಲಿನಲ್ಲಿ ಓಡುವ ಮೀನಿಗೆ ಅಡಗಲು ಮರೆಯಿಲ್ಲದಿದ್ದರೆ ಅಟ್ಟುವವನ ಕಣ್ಣಿನಿಂದ ಅದು ಯಾವತ್ತೂ ಮರೆಯಾಗುವುದಿಲ್ಲ. ನಮ್ಮ ಕಡೆ ಗ್ರಾನೈಟ್ ತುಂಡುಗಳಿಗೆ ಬರವಿಲ್ಲ. ಒಡೆದ ಗಡಿಗೆಗಳನ್ನು ಅಂಚು ಉಜ್ಜಿ ಬೋರಲು ಹಾಕಿದರೂ ಒಳ್ಳೆಯ ಗವಿಯಾಗುತ್ತದೆ. ಭಾರದ ಕಲ್ಲನ್ನು ಮರಳಿನ ಮೇಲೆ ಇಡದೆ ತಳದಲ್ಲಿಯೇ ಭದ್ರವಾಗಿ ಕೂರಿಸಿ ಆಮೇಲೆ ಮರಳು ಸುರಿಯಿರಿ, ಏಕೆಂದರೆ ಮೀನುಗಳು ಮರಳು ತೋಡಿ ಕಲ್ಲನ್ನು ಉರುಳಿಸುತ್ತವೆ.

ಉತ್ತರ 3 (ಬಳ್ಳಾರಿ)

ಕೊಪ್ಪಳದವರ ಮಾತಿಗೆ ಒಂದು ತಕರಾರು. ದೊರೆಯನ್ನು ತೆಗೆದ ಮರುವಾರವೇ ಎರಡನೆಯವನು ಪಟ್ಟವೇರುವುದನ್ನು ನಾನು ನನ್ನ ಟ್ಯಾಂಕಿನಲ್ಲಿಯೇ ಕಂಡಿದ್ದೇನೆ. ಉಳಿಯುವ ರೆಡ್ ಜೀಬ್ರಾಗಳೆರಡೂ ಗಂಡಾಗಿದ್ದರೆ ಜಗಳ ಮುಗಿಯುವುದಿಲ್ಲ. ಒಂದು ಗಂಡಿಗೆ ಕನಿಷ್ಠ ಮೂರು ಹೆಣ್ಣು ಇದ್ದರೆ ಕಾಟ ಹಂಚಿಹೋಗುತ್ತದೆ. ಇನ್ನೊಂದು ವಿಷಯ, 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಟ್ಯಾಂಕಿನ ನೀರೂ 30ರ ಮೇಲೇರಿ, ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ, ಮೀನುಗಳ ಸಿಡುಕೂ ಏರುತ್ತದೆ. ಮುಚ್ಚಳದ ಬದಲು ಬಲೆ ಹೊದಿಸಿ, ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತೆ ಇಡಿ. ಕರೆಂಟು ಹೋದಾಗಿನ ಸಲುವಾಗಿ ಬ್ಯಾಟರಿ ಏರ್ ಪಂಪ್ ಒಂದಿರಲಿ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಬಿಳಿ ಪದರ ಆರನೇ ದಿನಕ್ಕೆ ಹೋಯಿತು, ಕಣ್ಣಿನ ಊತ ಇಳಿದಿದೆ, ಬಾಲದ ಅಂಚಿನಲ್ಲಿ ಪಾರದರ್ಶಕವಾದ ಹೊಸ ಚರ್ಮ ಬೆಳೆಯುತ್ತಿದೆ. ಔರಾಟಸ್ ಮತ್ತು ಕೆನ್ಯಿಗಳನ್ನು ಹೊಸಪೇಟೆಯ ಪರಿಚಯದವರೊಬ್ಬರು ಒಯ್ದರು. ಮೊನ್ನೆ ಕಲ್ಲು ಗಡಿಗೆಗಳನ್ನೆಲ್ಲ ಹೊಸದಾಗಿ ಜೋಡಿಸಿ, ಹಳೆಯ ಗಡಿಗಳು ಯಾರಿಗೂ ನೆನಪಾಗದಂತೆ ಮಾಡಿ, ರಾತ್ರಿ ದೀಪವಾರಿಸಿದ ಮೇಲೆ ರೆಡ್ ಜೀಬ್ರಾವನ್ನು ಮರಳಿ ಬಿಟ್ಟೆ. ಈಗ ಅದೇ ಒಂದು ಯೆಲ್ಲೋ ಲ್ಯಾಬ್‌ನ ಬೆನ್ನು ಹತ್ತಿದೆ. ಗಾಯವಾಗುವಷ್ಟು ಅಲ್ಲವಾದರೂ, ಉತ್ತರ 3 ಬರೆದವರು ಹೇಳಿದಂತೆ ಹೆಣ್ಣುಗಳನ್ನು ಹುಡುಕುತ್ತಿದ್ದೇನೆ.