ಗ್ಲಾರ್ಜಿನ್ ಇನ್ಸುಲಿನ್ 1 ಯೂನಿಟ್ ಹಾಕಿದ್ರೂ ಬೆಕ್ಕಿನ ಶುಗರ್ 400: ಡೋಸ್ ಏರಿಸಬೇಕೇನ್ರಿ?

ಮಂತ್ರಾಲಯ ರೋಡ್, ರಾಯಚೂರು:
ಗಂಡು ಬೆಕ್ಕು, 9 ವರ್ಷ, 5.2 ಕೆಜಿ, ಸಂತಾನಹರಣ ಆಪರೇಷನ್ ಆಗ್ಯದ. ಡಾಕ್ಟರ್ ಬರದಿದ್ದು ಗ್ಲಾರ್ಜಿನ್ 100 ಐಯು (ಒಂದು ಎಂಎಲ್‌ನಾಗ 100 ಯೂನಿಟ್), 12 ತಾಸಿಗೊಮ್ಮೆ 1 ಯೂನಿಟ್. 15 ದಿನ ಆತು. ಮನ್ಷಾರ ಗ್ಲುಕೋಮೀಟರ್‌ನಾಗ ನಿನ್ನೆ ನೋಡಿದ್ದು:

ಮುಂಜಾನೆ 7, ಇಂಜೆಕ್ಷನ್‌ಗೆ ಮುಂಚೆ: 386
11 ಗಂಟೆ: 58
ಮಧ್ಯಾಹ್ನ 1: ಎರರ್, ಥರ್ಮಾಮೀಟರ್ ಚಿತ್ರ ಬಂತು
ಸಂಜಿ 7: 412

58 ತಪ್ಪು ರೀಡಿಂಗ್ ಅಂತ ಬಿಟ್ಟೀನಿ. ಎರಡೂ ಹೊತ್ತು 400ರ ಹತ್ರ ಅದ, 1.5ಕ್ಕ ಏರಿಸಲೇನು? ಊಟ ಒಣ ಫುಡ್, ರಾತ್ರಿ ಹಾಲನ್ನ.

ಕೊಪ್ಪಳದ ಕಿಟಕಿ:
ಏರಿಸಬ್ಯಾಡ್ರಿ. ಸಿರಿಂಜಿನ ಮುಚ್ಚಳ ಯಾವ ಬಣ್ಣ ಐತಿ? ಅದರ ಮ್ಯಾಲೆ ಏನ್ ಬರದಾರ?

ಮಂತ್ರಾಲಯ ರೋಡ್:
ಕೆಂಪು ಮುಚ್ಚಳ. ಯು-40 ಅಂತ ಅದ. ಇನ್ಸುಲಿನ್ ಸಿರಿಂಜ್ ಕೊಡ್ರಿ ಅಂದಿದ್ದಕ್ಕ ಮೆಡಿಕಲ್‌ನಾಗ ಇದನ್ನೇ ಕೊಟ್ರು. ಮೊದಲನೇ ಗೆರಿಗೆ ಎಳದು ಹಾಕ್ತೀನಿ.

ಕೊಪ್ಪಳದ ಕಿಟಕಿ:
ಅಲ್ಲೇ ಐತಿ ನೋಡ್ರಿ ಗಂಟು. ನಮ್ಮ ದೇಶದಾಗ ಮಂದಿ ಹಾಕ್ಕೊಳ್ಳೋ ಹಳೇ ಥರದ ಇನ್ಸುಲಿನ್ ಬಾಟ್ಲಿ ಬಹುಪಾಲು 40 ಐಯು, ಅದಕ್ಕ ಕೆಂಪು ಮುಚ್ಚಳದ ಸಿರಿಂಜ್. ಗ್ಲಾರ್ಜಿನ್ 100 ಐಯು, ಅದಕ್ಕ ಕಿತ್ತಳಿ ಮುಚ್ಚಳದ ಯು-100. ಕೆಂಪು ಸಿರಿಂಜಿನ ಒಂದು ಗೆರಿ ಅಂದ್ರ 0.025 ಎಂಎಲ್. ಅಷ್ಟು ಗ್ಲಾರ್ಜಿನ್‌ನಾಗ 2.5 ಯೂನಿಟ್ ಇರ್ತಾವ. ನೀವು ಡಾಕ್ಟರ್ ಹೇಳಿದ್ದರ ಎರಡೂವರಿ ಪಟ್ಟು ಹಾಕಾಕತ್ತೀರಿ. ಆ 58 ಖರೇನೇ ಇರಬೇಕು.

ಕೆಂಪು ಸಿರಿಂಜಿನಾಗ 1 ಯೂನಿಟ್ ಅಂದ್ರ ಗೆರಿಯ 0.4 ಭಾಗ. ಯಾರ ಕಣ್ಣಿಗೂ ಅದು ಸಿಗಂಗಿಲ್ಲ, ಅಂದಾಜಿಲೆ ಎಳೀಬ್ಯಾಡ್ರಿ. ಯು-100 ಒಳಗೂ 1 ಎಂಎಲ್‌ದು ತಗೋಬ್ಯಾಡ್ರಿ, ಅದರಾಗ ಎರಡೆರಡು ಯೂನಿಟ್‌ಗೆ ಒಂದು ಗೆರಿ ಇರ್ತೈತಿ. 0.3 ಎಂಎಲ್, 30 ಅಥವಾ 31 ಗೇಜ್, ಅರ್ಧ ಯೂನಿಟ್ ಗೆರಿ ಇದ್ದದ್ದು ಕೇಳ್ರಿ. ಅಂಗಡ್ಯಾಗ ಇರೋದು ಕಡಿಮಿ, ತರಿಸಿ ಕೊಡ್ತಾರ. ಅದು ಕೈಗೆ ಬರೋತನಕ ಏನ್ ಮಾಡಬೇಕಂತ ಈಗ್ಲೇ ಡಾಕ್ಟರ್‌ಗೆ ಫೋನ್ ಹಚ್ರಿ. ಉಂಡು ಆರಾಮ ಇರೋ ಬೆಕ್ಕಿಗೆ ಒಂದು ಡೋಸ್ ತಪ್ಪಿದ್ರ ದೊಡ್ಡ ಧಕ್ಕಿ ಇಲ್ಲ, ಒಂದು ಡೋಸ್ ಹೆಚ್ಚಾದ್ರ ಜೀವಕ್ಕ ಬರ್ತೈತಿ.

ಮಂತ್ರಾಲಯ ರೋಡ್:
ಕೈಕಾಲು ತಣ್ಣಗಾದ್ವು. ಆದ್ರ ಒಂದು ತಿಳೀಲಿಲ್ಲ. 2.5 ಹೋಗಿದ್ರ ಶುಗರ್ ಇಳೀಬೇಕಲ್ರಿ, ಸಂಜಿಗೆ 412 ಹೆಂಗ?

ಕೌಲ್‌ಬಜಾರ್ 40, ಬಳ್ಳಾರಿ:
ಶುಗರ್ ದಢಕ್ಕನೆ ಕುಸಿದಾಗ ದೇಹ ಗಾಬರಿ ಬೀಳುತ್ತೆ. ಅಡ್ರಿನಲಿನ್, ಗ್ಲುಕಗಾನ್ ಸುರಿಯುತ್ತೆ, ಲಿವರ್ ತನ್ನಲ್ಲಿದ್ದ ದಾಸ್ತಾನನ್ನ ರಕ್ತಕ್ಕೆ ಬಿಡುತ್ತೆ. ಸಂಜೆಗೆ 400 ದಾಟೋದು ಹೀಗೂ ಇರಬಹುದು. ಅದೊಂದೇ ಕಾರಣ ಅಂತ ಒಪ್ಪಲ್ಲ ನಾನು; ದಿನವಿಡೀ ತಟ್ಟೆಯಲ್ಲಿ ಒಣ ಫುಡ್ ಇದ್ರೂ ಏರುತ್ತೆ, ಹಿಡಿದು ಚುಚ್ಚಿದ ಹೆದರಿಕೆಗೂ ಏರುತ್ತೆ. ಅದಕ್ಕೇ ಬರೀ ಇಂಜೆಕ್ಷನ್ ಮುಂಚಿನ ನಂಬರ್ ನೋಡಿ ಡೋಸ್ ಏರಿಸೋದು ತಪ್ಪು. ಇಂಜೆಕ್ಷನ್ ಆಗಿ 4ರಿಂದ 6 ತಾಸಿನ ಸುಮಾರಿಗೆ ಬರೋ ತಳದ ನಂಬರ್ ಮುಖ್ಯ.

ಮನುಷ್ಯರ ಮೀಟರ್ ಬೆಕ್ಕಿನ ರಕ್ತಕ್ಕೆ ಸ್ವಲ್ಪ ಕಡಿಮೆ ತೋರಿಸುತ್ತೆ, ಯಾಕಂದ್ರೆ ಬೆಕ್ಕಿನ ಗ್ಲುಕೋಸ್ ಹೆಚ್ಚುಪಾಲು ಪ್ಲಾಸ್ಮಾದಲ್ಲೇ ಇರುತ್ತೆ, ಕೆಂಪುಕಣದಲ್ಲಿ ಕಡಿಮೆ. ನಿಜ 58ಕ್ಕಿಂತ ಮೇಲೇ ಇದ್ದಿರಬಹುದು. ಆದ್ರೂ ಹೊಸಬರಿಗೆ ಅದು ಅಪಾಯದ ಅಂಚು. ಮನುಷ್ಯರ ಮೀಟರ್‌ನಲ್ಲಿ 50ರ ಕೆಳಗೆ ಬಂದ್ರೆ, ಬೆಕ್ಕು ಚೆನ್ನಾಗೇ ಕಂಡ್ರೂ ತಕ್ಷಣ ಊಟ ಕೊಟ್ಟು, 15–20 ನಿಮಿಷಕ್ಕೆ ಮತ್ತೆ ನೋಡ್ರಿ. ತೂರಾಡಿದ್ರೆ, ಕುಸಿದ್ರೆ ಜೇನುತುಪ್ಪ ಇಲ್ಲಾ ಗಟ್ಟಿಯಾಗಿ ಕಲಸಿದ ಗ್ಲುಕೋಸ್ ಪುಡಿಯನ್ನ ಬೆರಳಲ್ಲಿ ಒಸಡಿಗೆ ಸವರಿ ದವಾಖಾನೆಗೆ ಓಡ್ರಿ. ಬಾಯಿಗೆ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಫಿಟ್ಸ್ ಬಂದಾಗ ಹಲ್ಲಿನ ನಡುವೆ ಬೆರಳು ಇಡಬೇಡಿ.

ಇಂಜೆಕ್ಷನ್ ಮುಂಚೆ 200ರ ಕೆಳಗಿದ್ರೆ ಡಾಕ್ಟರನ್ನ ಕೇಳದೆ ಹಾಕಬೇಡಿ. ಅರ್ಧ ಔಷಧಿ ಕೂದಲಿಗೆ ಚೆಲ್ತು ಅನ್ನಿಸಿದ್ರೂ ಇನ್ನೊಂದು ಚುಚ್ಚಬೇಡಿ.

ಮಂತ್ರಾಲಯ ರೋಡ್:
ಮೀಟರ್ ಎರರ್ ಯಾಕ್ರಿ? ಮತ್ತ ಕಿವ್ಯಾಗ ರಕ್ತ ಬರಂಗಿಲ್ಲ, ಮೂರು ಸ್ಟ್ರಿಪ್ ಹಾಳಾದ್ವು.

ಕೌಲ್‌ಬಜಾರ್ 40:
ಥರ್ಮಾಮೀಟರ್ ಚಿತ್ರ ಅಂದ್ರೆ ಮೀಟರ್‌ಗೇ ಸೆಖೆ! ಎಷ್ಟೋ ಮೀಟರ್ 40 ಡಿಗ್ರಿ ದಾಟಿದ್ರೆ ಕೆಲಸ ಮಾಡಲ್ಲ. ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಕೋಣೆ ಅಷ್ಟಾಗಿರುತ್ತೆ. ಕೂಲರ್ ಇರೋ ಕೋಣೆಯಲ್ಲಿ 20 ನಿಮಿಷ ಇಟ್ಟು ನೋಡ್ರಿ. ಸ್ಟ್ರಿಪ್ ಡಬ್ಬಿಯನ್ನ 30 ಡಿಗ್ರಿಯೊಳಗೇ ಇಡಬೇಕು, ಆದ್ರೆ ಫ್ರಿಜ್‌ನಲ್ಲಿ ಬೇಡ, ತೇವ ಹಿಡಿಯುತ್ತೆ.

ಕಿವಿ: ಅಂಚಿನುದ್ದ ಒಂದು ಸಣ್ಣ ನರ ಓಡುತ್ತೆ. ಚುಚ್ಚೋದು ನರಕ್ಕಲ್ಲ, ನರಕ್ಕೂ ಅಂಚಿಗೂ ನಡುವಿನ ಕೂದಲಿಲ್ಲದ ಜಾಗಕ್ಕೆ. ವ್ಯಾಸಲೀನ್ ಎಳ್ಳಷ್ಟು ಸವರಿದ್ರೆ ರಕ್ತ ಕೂದಲಿಗೆ ಹರಡದೆ ಗುಂಡಗೆ ನಿಲ್ಲುತ್ತೆ. ಸ್ಪಿರಿಟ್ ಬೇಡ. ಕಿವಿ ಹಿಂದೆ ಮಡಚಿದ ಹತ್ತಿ ಇಟ್ಟು, ಹೊಸಬರಾದ್ರೆ 28 ಗೇಜ್ ಲ್ಯಾನ್ಸೆಟ್‌ನಿಂದ ಕೈಯಲ್ಲೇ ಚುಚ್ಚಿ. ಬಟನ್ ಸಾಧನದ ಟಕ್ ಸದ್ದಿಗೇ ಬೆಕ್ಕು ಹಾರುತ್ತೆ. ಆಮೇಲೆ ಅರ್ಧ ನಿಮಿಷ ಒತ್ತಿ ಹಿಡೀರಿ. ಚಳಿಗಾಲದಲ್ಲಿ ಕಿವಿ ಬೆಚ್ಚಗೆ ಮಾಡ್ಬೇಕು. ಬೇಸಿಗೆಯಲ್ಲಿ ರಾಯಚೂರಿನವರಿಗೆ ಆ ಕೆಲಸ ಉಳೀತು.

ಕೊಪ್ಪಳದ ಕಿಟಕಿ:
ಇನ್ಸುಲಿನ್ ಎಲ್ಲಿ ಇಟ್ಟೀರಿ ಅಂತ ಹೇಳಲಿಲ್ಲ. ತೆರೆದ ಗ್ಲಾರ್ಜಿನ್ 30 ಡಿಗ್ರಿ ಒಳಗ 28 ದಿನ ಅಂತ ಕಂಪನಿಯವ್ರು ಬರದಿರ್ತಾರ, ನಮ್ಮ ಬ್ಯಾಸಿಗ್ಯಾಗ ಆ ಲೆಕ್ಕ ನಡಿಯಂಗಿಲ್ಲ. ಫ್ರಿಜ್‌ನ ನಡು ಹಲಗಿ ಮ್ಯಾಲೆ ಇಡ್ರಿ. ಬಾಗಲ್ದಾಗ ಬ್ಯಾಡ, ಫ್ರೀಜರ್‌ಗೆ ಹತ್ತಿ ಬ್ಯಾಡ. ಒಮ್ಮೆ ಗಟ್ಟಿಯಾದ್ರ ಕೆಟ್ಟಂಗ. ಶಕ್ತಿನಗರದಾಗ ಅಷ್ಟು ಕರೆಂಟ್ ತಯಾರಾದ್ರೂ ನಿಮ್ಮಲ್ಲಿ ಕರೆಂಟ್ ಹೋಗೋದು ತಪ್ಪಂಗಿಲ್ಲ, ಅವಾಗ ಫ್ರಿಜ್ ಬಾಗಲಾ ತೆಗೀಬ್ಯಾಡ್ರಿ, ಸುಮಾರು 4 ತಾಸು ತಡೀತೈತಿ. ಇನ್ನೂ ಹೊತ್ತಾದ್ರ ದೊಡ್ಡ ಗಡಿಗ್ಯಾಗ ಸಣ್ಣ ಗಡಿಗಿ ಇಟ್ಟು, ನಡುವ ಒದ್ದಿ ಉಸುಕು ತುಂಬಿ, ಬಾಟ್ಲಿನ ಪ್ಲಾಸ್ಟಿಕ್ ಡಬ್ಬ್ಯಾಗ ಹಾಕಿ ಒಳಗ ಇಡ್ರಿ, ಮ್ಯಾಲೆ ಒದ್ದಿ ಬಟ್ಟಿ. ಒಣ ಬಿಸಿಲಿಗೆ ಇದು ಭೇಷ್ ಕೆಲಸ ಮಾಡ್ತೈತಿ. ಗ್ಲಾರ್ಜಿನ್ ನೀರಿನಂಗ ತಿಳಿಯಾಗಿರಬೇಕು, ಮಬ್ಬಾದ್ರ ಚೆಲ್ರಿ. ನೀರು ಬೆರೆಸಿ ತೆಳ್ಳಗ ಮಾಡಬ್ಯಾಡ್ರಿ: ಅದು ಹುಳಿ ದ್ರಾವಣ, ಚರ್ಮದ ಕೆಳಗ ಹೋದ ಮ್ಯಾಲೆ ಸಣ್ಣ ಹರಳಾಗಿ ನಿಧಾನ ಕರಗೋದೇ ಅದರ ಕೆಲಸ.

ಹಾಲನ್ನ ಬಿಡ್ರಿ, ಆದ್ರ ಡಾಕ್ಟರ್‌ಗೆ ಹೇಳಿ ಬಿಡ್ರಿ. ಪಿಷ್ಟ ಕಡಿಮಿ ಆದಂಗ ಇನ್ಸುಲಿನ್ನೂ ಕಡಿಮಿ ಸಾಕಾಗ್ತೈತಿ. ಪ್ಯಾಕೆಟ್ ಹಿಂದ ಪಿಷ್ಟ ಬರದಿರಂಗಿಲ್ಲ, 100ರಾಗ ಪ್ರೋಟೀನ್, ಕೊಬ್ಬು, ನಾರು, ತೇವ, ಬೂದಿ ಕಳೀರಿ. ಪ್ರೋಟೀನ್, ಪಿಷ್ಟ 3.5ರಿಂದ, ಕೊಬ್ಬು 8.5ರಿಂದ ಗುಣಿಸಿದ್ರ ಕ್ಯಾಲರಿ. ಉದಾಹರಣಿಗೆ ಒಣ ಫುಡ್ 32, 12, 4, 9, 8 ಇದ್ರ ಪಿಷ್ಟ 35, ಕ್ಯಾಲರ್ಯಾಗ ಶೇ. 36. ಹಸಿ ಪೌಚ್ 10, 5, 1, 81, 2 ಇದ್ರ ಶೇ. 4 ಚಿಲ್ಲರ. ಶೇ. 10ರ ಒಳಗಿಂದು ಹುಡುಕ್ರಿ. ಬರೀ ಬೇಯಿಸಿದ ಕೋಳಿ ಮ್ಯಾಲೆ ಇಡಬ್ಯಾಡ್ರಿ, ಕ್ಯಾಲ್ಸಿಯಂ ಸಾಲಂಗಿಲ್ಲ. ಮನ್ಯಾಗ ಹಿರಿಯರ ಶುಗರ್ ಗುಳಿಗಿ ಅಂತೂ ಕೊಡಬ್ಯಾಡ್ರಿ.

ಊಟ ಬಿಟ್ಟು ವಾಂತಿ ಮಾಡಿದ್ರ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ಹುಟ್ಟೋ ಹುಳಿ ಪದಾರ್ಥ) ನೋಡೋ ಸ್ಟ್ರಿಪ್ ಮೂತ್ರಕ್ಕ ಹಿಡೀರಿ, ಬಣ್ಣ ಬದಲಾದ್ರ ಅವತ್ತೇ ದವಾಖಾನಿ.

ಮಂತ್ರಾಲಯ ರೋಡ್ (12 ದಿನ ಆದ ಮ್ಯಾಲೆ):
0.3 ಎಂಎಲ್ ಸಿರಿಂಜ್ ಬಂತು. ಡಾಕ್ಟರ್ 1 ಯೂನಿಟ್ಟೇ ಇರಲಿ ಅಂದ್ರು. ಕೂಲರ್ ಕೋಣ್ಯಾಗ 2 ತಾಸಿಗೊಮ್ಮೆ ನೋಡೀನಿ, 7ರಿಂದ 7: 268, 214, 142, 128, 151, 206, 254. ಈಗ ಏರಿಸಬೇಕೇನ್ರಿ?

ಕೌಲ್‌ಬಜಾರ್ 40:
ತಳ 128. ಚಂದ ಐತೆ, ಮುಟ್ಟಬೇಡಿ. ಇನ್ನೊಂದು ವಾರ ಬಿಟ್ಟು ಇದೇ ಪಟ್ಟಿ ಮತ್ತೆ ಮಾಡಿ ಡಾಕ್ಟರ್‌ಗೆ ತೋರಿಸ್ರಿ. ಬದಲಾಯಿಸಿದ್ರೂ ಒಂದು ಸಲಕ್ಕೆ ಕಾಲು, ಹೆಚ್ಚಂದ್ರೆ ಅರ್ಧ ಯೂನಿಟ್.

ಮಂತ್ರಾಲಯ ರೋಡ್:
ಸರಿ. ಉಳಿದ 8 ಕೆಂಪು ಸಿರಿಂಜ್ ಏನ್ ಮಾಡಲಿ?

ಕೊಪ್ಪಳದ ಕಿಟಕಿ:
ಇವತ್ತೇ ಮನಿ ಬಿಡಿಸ್ರಿ. ಬಿಚ್ಚದಿದ್ದವು ಮೆಡಿಕಲ್‌ನವ್ರು ವಾಪಸ್ ತಗೊಂಡ್ರ ಛಲೋ. ವಾಪರಿಸಿದ ಸೂಜಿ ಗಟ್ಟಿ ಪ್ಲಾಸ್ಟಿಕ್ ಡಬ್ಬ್ಯಾಗ ಹಾಕಿ, ಮುಂದಿನ ಸಲ ದವಾಖಾನಿಗೆ ಹೋದಾಗ ಸೂಜಿ ಹಾಕೋ ಅವರ ಬಿಳೇ ಡಬ್ಬಿಗೆ ಕೊಡ್ರಿ. ನೀವು ಊರಾಗ ಇಲ್ಲದಾಗ ಬ್ಯಾರೆಯವ್ರು ಇಂಜೆಕ್ಷನ್ ಹಾಕ್ತಾರ, ಅವ್ರ ಕೈಗೆ ಕೆಂಪು ಮುಚ್ಚಳ ಸಿಗಬಾರದು.