ಸಹಾಯ ಬೇಕು: ಏರಾಂಜಿಸ್ ಎಲೆ ಸುಕ್ಕಾಗ್ತಿದೆ, ಬೇರು ಮಾತ್ರ ಗಟ್ಟಿಯಾಗೇ ಇದೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಏರಾಂಜಿಸ್ ಲೂಟಿಯೊಆಲ್ಬಾ ರೋಡೋಸ್ಟಿಕ್ಟಾ ಇದೆ. ಕೀನ್ಯಾ, ಇಥಿಯೋಪಿಯಾ ಕಡೆಯ ಪುಟಾಣಿ ಆರ್ಕಿಡ್. ಕೆನೆಬಿಳಿ ಹೂವಿನ ನಡುವೆ ಕುಂಕುಮ ಇಟ್ಟ ಹಾಗೆ ಕೆಂಪು ಬೊಟ್ಟು ಇರುತ್ತಲ್ಲ, ಅದೇ.

ಕಾರ್ಕ್ ತೊಗಟೆಗೆ ಕಟ್ಟಿದ್ದೀನಿ, ಬೇರಿನಡಿ ಚಿಟಿಕೆಯಷ್ಟು ಸ್ಫ್ಯಾಗ್ನಮ್ ಪಾಚಿ. ಪೂರ್ವದ ಕಿಟಕಿ, ತೆಳು ಪರದೆ. ಬೆಳಿಗ್ಗೆ ಮಳೆನೀರು ಸಿಂಪಡಿಸಿದರೆ ಬೇರು ಹಸಿರಾಗುತ್ತೆ, ಆದರೆ ಅರ್ಧ ಗಂಟೆಯೊಳಗೆ ಒಣಗಿ ಮತ್ತೆ ಬೆಳ್ಳಿಬಣ್ಣ. ಈಗ ಕೆಳಗಿನ ಎರಡು ಎಲೆಗಳಲ್ಲಿ ಉದ್ದುದ್ದ ಸುಕ್ಕು ಬಿದ್ದಿದೆ, ಬಗ್ಗಿಸಿದರೆ ಮೆತ್ತಗೆ ಬಾಗುತ್ತೆ. ಬೇರಿನ ತುದಿಯಲ್ಲಿದ್ದ ಹಸಿರು ಮೊನೆ ಮುಚ್ಚಿಹೋಗಿದೆ, ಅಂದರೆ ಬೇರು ಬೆಳೆಯೋದು ನಿಂತಿದೆ. ಕೊಳೆತ ಬೇರು ಒಂದೂ ಇಲ್ಲ. ಎಲೆ ಸಂದಿಯಿಂದ ಇಣುಕಿದ ಹೂಕಾಂಡ ಕಡ್ಡಿಮೊನೆಯಷ್ಟಾಗಿ ಅಲ್ಲೇ ನಿಂತುಬಿಟ್ಟಿದೆ.

ನನ್ನ ಅಂದಾಜಿಗೆ ಇದು ಬಾಯಾರಿಕೆ. ಕಾಡಿನಲ್ಲಿ ಇದು ಹೆಚ್ಚಾಗಿ ಹೊಳೆದಂಡೆಯ ಮರಗಳ ಸಣ್ಣ ರೆಂಬೆಗಳ ಮೇಲೆ ಬೆಳೆಯೋದು. ಗಾಳಿಯಲ್ಲೇ ತೇವ ಇರುತ್ತೆ, ಬೇರಿಗೆ ಮಣ್ಣು ಬೇಕಿಲ್ಲ. ಮನೆಯೊಳಗೆ ಅಷ್ಟು ತೇವ ಎಲ್ಲಿಂದ ಬರಬೇಕು?

ಪಾಚಿ ಹೆಚ್ಚಿಸಲಾ, ಇಲ್ಲ ಸಂಜೆ ಮುಂಚೆ ಇನ್ನೊಂದು ಸಲ ನೀರು ಕೊಡಲಾ? ರಾತ್ರಿ ಎಲೆ ಬುಡದಲ್ಲಿ ನೀರು ನಿಂತು ಸುಳಿ ಕೊಳೆತರೆ ಗಿಡವೇ ಹೋಗುತ್ತೆ, ಆ ಭಯ. ಗಿಡ ಚೇತರಿಸಿಕೊಳ್ಳೋವರೆಗೆ ಹೂಕಾಂಡ ಕತ್ತರಿಸೋದು ವಾಸಿಯಾ? ಫೆಲನಾಪ್ಸಿಸ್ ಆರ್ಕಿಡ್ ಥರ ಕುಂಡಕ್ಕೆ ಹಾಕಿ ಅಂತ ಮಾತ್ರ ಹೇಳ್ಬೇಡಿ, ಇದಕ್ಕೆ ಬೇರು ಕೆದಕಿದರೆ ಆಗಿಬರಲ್ಲ.

ಏರಾಂಜಿಸ್ ಬೆಳೆಸಿದವರು ದಯವಿಟ್ಟು ತಿಳಿಸಿ. ಫೋಟೋ ಕಾಮೆಂಟಿನಲ್ಲಿ ಹಾಕ್ತೀನಿ.