ಸಹಾಯ ಬೇಕು: ಮಳೆ ರಜೆ ನಮ್ಮ ತಾಲ್ಲೂಕಿಗೆ, ಶಾಲೆ ಇರೋದು ಪಕ್ಕದ ತಾಲ್ಲೂಕಲ್ಲಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹೊಸನಗರ ತಾಲ್ಲೂಕಿನ ಗಡಿಯಲ್ಲಿ. ಮಗಳು ಹತ್ತನೇ ಕ್ಲಾಸ್ ಓದುವ ಹೈಸ್ಕೂಲು ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದ್ದು. ಜೋರು ಮಳೆಗೆ ಕೆಲವು ಸಲ ತಾಲ್ಲೂಕುವಾರು ರಜೆ ಕೊಡುತ್ತಾರಲ್ವಾ, ತೊಂದರೆ ಶುರುವಾಗೋದೇ ಅಲ್ಲಿ. ನಮ್ಮ ಕಡೆ ರಜೆ, ಶಾಲೆ ಕಡೆ ಇಲ್ಲ. ಹಳ್ಳ ತುಂಬಿ ಕಾಲುಸಂಕದ (ನಡೆದು ದಾಟೋ ಸಣ್ಣ ಸೇತುವೆ) ಮೇಲೆ ನೀರು ಹರಿಯುವಾಗ ಮಗುವನ್ನ ಹೇಗೆ ಕಳಿಸೋದು? ಕಳಿಸದಿದ್ದರೆ ಗೈರು ಹಾಕುತ್ತಾರೆ. ಎಸ್ಸೆಸ್ಸೆಲ್ಸಿಗೆ ಶೇ 75 ಹಾಜರಿ ಬೇಕು, ಮಳೆಗಾಲ ಇನ್ನೂ ಮುಗಿದಿಲ್ಲ.

ಶಾಲೆಯ ಸೂಚನೆಗಳೆಲ್ಲ ವಾಟ್ಸಾಪ್ ಗ್ರೂಪಿಗೇ ಬರೋದು, ಕರೆಂಟ್ ಹೋದರೆ ಇಲ್ಲಿ ಟವರೂ ಹೋಯ್ತು ಅಂತಲೇ ಲೆಕ್ಕ. ಅಂಗಳದ ತುದಿಯ ಹಲಸಿನ ಮರದ ಹತ್ತಿರ ಕೊಡೆ ಹಿಡಿದು ನಿಂತರೆ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ, ಅಷ್ಟೊತ್ತಿಗೆ ಬಸ್ಸೇ ಹೋಗಿರುತ್ತದೆ.

ಕ್ಲಾಸ್ ಟೀಚರನ್ನ ಕೇಳಿದೆ, ಪಾಪ ಅವರು ಹೆಡ್ ಮಾಸ್ಟರ ಹತ್ತಿರ ಕಳಿಸಿದರು. ಶಾಲೆ ಇರುವ ತಾಲ್ಲೂಕಿನ ಆದೇಶವೇ ನಮಗೆ ಅನ್ವಯ ಅಂತ ಹೆಡ್ ಮಾಸ್ಟರು. ಅದೂ ಸರಿಯೇ. ರಜಾ ಚೀಟಿ ಬರೆದುಕೊಟ್ಟರೆ ಸುಮ್ನೆ ತಗೊಂಡರು, ಹಾಜರಿ ವಿಷಯ ಮಾತ್ರ ಬಾಯಿ ಬಿಡಲಿಲ್ಲ.

ಗ್ರೂಪಲ್ಲಿ ಶಿಕ್ಷಕರು, ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು) ಇದ್ದರೆ ದಯವಿಟ್ಟು ಹೇಳಿ: ಇಂಥ ದಿನಗಳಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಅರ್ಜಿ ಕೊಟ್ಟು ಹಾಜರಿಯಲ್ಲಿ ವಿನಾಯಿತಿ ಕೇಳಬಹುದಾ? ಕೇಳಬಹುದಾದರೆ ಅರ್ಜಿ ಜೊತೆ ಏನೇನು ಇಡಬೇಕು?